ಆರಾಮಿದ್ದ ದಿನಗಳ ಆರೈಕೆ

ಮಗುವಿಗೆ ಬೈಪೋಲಾರ್ ಇದೆ ಎಂದು ಗೊತ್ತಾದ ಮೇಲೆ ತಂದೆ–ತಾಯಿಯ ಕೆಲಸವೇನು? ಮಮದಾಪುರದಂಥ ಊರಿನಲ್ಲಿ ನಿಂತು ಕೇಳಿಕೊಂಡರೆ, ಉತ್ತರ ಗುಳಿಗೆ ಡಬ್ಬಿಯಿಂದ ಹೊಲದ ಪಂಪ್‌ಸೆಟ್‌ವರೆಗೂ ಹರಡಿಕೊಳ್ಳುತ್ತದೆ.

ಮನೋವೈದ್ಯರ ಬಾಯಿಂದ ‘ಬೈಪೋಲಾರ್’ ಎಂಬ ಹೆಸರು ಮೊದಲ ಸಲ ಕಿವಿಗೆ ಬಿದ್ದಾಗ ನಮ್ಮ ಭಾಗದ ತಂದೆ–ತಾಯಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಮೂರೇ. ‘ಯಾಕ ಬಂತ್ರಿ ಇದು, ನಾವೇನ ತಪ್ಪ ಮಾಡೇವಿ?’ ‘ಪೂರಾ ಆರಾಮ ಆಗತೈತೇನ್ರಿ?’ ‘ಗುಳಿಗಿ ಎಷ್ಟ ದಿನ ನುಂಗಬೇಕ್ರಿ?’ ಮೊದಲನೆಯದರಲ್ಲಿ ಅಳುಕಿದೆ, ಎರಡನೆಯದರಲ್ಲಿ ಆಸೆಯಿದೆ. ಆದರೆ ಮಗುವಿನ ಮುಂದಿನ ಬದುಕು ನಿಂತಿರುವುದು ಮೂರನೆಯದರ ಮೇಲೆ.

ಮಮದಾಪುರ ಬಬಲೇಶ್ವರ ತಾಲ್ಲೂಕಿನ ಹೋಬಳಿ ಊರು. ಆದಿಲ್‌ಶಾಹಿ ಕಾಲದ ದೊಡ್ಡ ಕೆರೆ, ಸುತ್ತ ಜೋಳ–ತೊಗರಿಯ ಹೊಲ, ತಿಕೋಟಾ ಕಡೆಗೆ ಹೋದಂತೆ ದ್ರಾಕ್ಷಿ ಪಡ. ಇಲ್ಲಿ ಮಗುವಿಗೆ ಜ್ವರ ಬಂದರೆ ಎಲ್ಲಿಗೆ ಹೋಗಬೇಕೆಂದು ಎಲ್ಲರಿಗೂ ಗೊತ್ತು. ಮನಸ್ಸಿನ ಕಾಯಿಲೆ ಬಂದರೆ ದಾರಿ ಉದ್ದ: ಮೊದಲು ವಿಜಯಪುರ, ಅಲ್ಲಿಂದ ಧಾರವಾಡದ ಡಿಮ್ಹಾನ್ಸ್, ಇನ್ನೂ ಬಿಗಡಾಯಿಸಿದರೆ ಐನೂರು ಕಿಲೋಮೀಟರಿಗೂ ಆಚೆಯ ಬೆಂಗಳೂರಿನ ನಿಮ್ಹಾನ್ಸ್. ಎಲ್ಲಿಗೇ ಹೋದರೂ ವೈದ್ಯರು ಮಗುವನ್ನು ನೋಡುವುದು ತಿಂಗಳಿಗೊಮ್ಮೆ, ಅದೂ ಕೆಲವೇ ನಿಮಿಷ. ಉಳಿದ ಅಷ್ಟೂ ಹೊತ್ತು ಕಾಯಿಲೆ ಇರುವುದು ಮನೆಯಲ್ಲಿ.

ಮಗು ಹತೋಟಿ ತಪ್ಪಿ ಕೂಗಾಡಿದ ದಿನ ಇಡೀ ಓಣಿ ಓಡಿಬರುತ್ತದೆ. ಅದೇ ಮಗು ಪಾಟಿಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟ ದಿನ ಎಲ್ಲರೂ ಉಸಿರುಬಿಟ್ಟು ತಂತಮ್ಮ ಕೆಲಸಕ್ಕೆ ತಿರುಗುತ್ತಾರೆ. ಈ ಕಾಯಿಲೆಯಲ್ಲಿ ತಂದೆ–ತಾಯಿಯ ನಿಜವಾದ ಕೆಲಸ ಶುರುವಾಗುವುದು ಆ ಎರಡನೆಯ ದಿನದಿಂದ. ಈ ಲೇಖನ ಹೇಳಹೊರಟಿರುವುದು ಅದನ್ನೇ.

ಏರು, ಇಳಿವು, ನಡುವಿನ ಬಯಲು

ಬೈಪೋಲಾರ್ ಎಂದರೆ ಮನಸ್ಸು ಎರಡು ತುದಿಗಳಿಗೆ ಹೋಗಿಬರುವ ಕಾಯಿಲೆ. ಒಂದು ತುದಿ ಉನ್ಮಾದ, ಇನ್ನೊಂದು ತುದಿ ಖಿನ್ನತೆ. ನಡುವೆ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ, ವ್ಯಕ್ತಿ ಎಲ್ಲರಂತೆ ಇರುತ್ತಾನೆ. ಹೀಗೆ ಸುತ್ತಿ ಬರುವುದು ಒಂದೇ ಕಾಯಿಲೆಯ ಎರಡು ಮುಖ ಎಂದು ಫ್ರಾನ್ಸಿನ ವೈದ್ಯ ಫಾಲ್ರೆ 1854ರಲ್ಲೇ ವಿವರಿಸಿದ್ದ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2019ರಲ್ಲಿ ಜಗತ್ತಿನ ಸುಮಾರು 4 ಕೋಟಿ ಜನ ಇದರೊಂದಿಗೆ ಬದುಕುತ್ತಿದ್ದರು. ಬಹಳ ಮಂದಿಯಲ್ಲಿ ಇದು ಮೊದಲು ಕಾಣಿಸಿಕೊಳ್ಳುವುದು ಹದಿಹರೆಯದ ಕೊನೆಗೆ ಅಥವಾ ಇಪ್ಪತ್ತರ ಆಸುಪಾಸಿಗೆ. ಎಸ್ಸೆಸ್ಸೆಲ್ಸಿ, ಪಿಯುಸಿಯ ವಯಸ್ಸಿನಲ್ಲಿ ಬರುವುದು ಅಪರೂಪವಲ್ಲ. ಚಿಕ್ಕ ಮಕ್ಕಳಲ್ಲಿ ಬಹಳ ವಿರಳ.

ಉನ್ಮಾದವೆಂದರೆ ಒಂದು ದಿನದ ಸಿಟ್ಟಲ್ಲ, ಹಬ್ಬದ ಹುರುಪೂ ಅಲ್ಲ. ಕನಿಷ್ಠ ಒಂದು ವಾರ, ದಿನದ ಬಹುಭಾಗ, ಮಗು ತನ್ನ ಎಂದಿನ ಸ್ವಭಾವವನ್ನೇ ಬಿಟ್ಟು ಬೇರೆಯಾಗಿಬಿಡುತ್ತದೆ. ಎರಡು ತಾಸು ಮಲಗಿ ಎದ್ದರೂ ದಣಿವಿಲ್ಲ. ಮಾತಿಗೆ ಕಡಿವಾಣವಿಲ್ಲ, ಒಂದು ವಿಷಯ ಮುಗಿಯುವ ಮೊದಲೇ ಮತ್ತೊಂದು. ಊರಿಗೆಲ್ಲ ಬೋರ್ ಹಾಕಿಸುತ್ತೇನೆ, ಸಿನಿಮಾ ಮಾಡುತ್ತೇನೆ, ನನ್ನ ಮೇಲೆ ದೇವರ ಕೃಪೆ ಇದೆ ಎಂಬಂಥ ದೊಡ್ಡ ಮಾತು. ಗಲ್ಲಾದ ದುಡ್ಡು ತೆಗೆದು ಹಂಚುವುದು, ಗಾಡಿ ಜೋರಾಗಿ ಓಡಿಸುವುದು, ಹಿರಿಯರ ಮುಂದೆ ಆಡಬಾರದ್ದನ್ನು ಆಡುವುದು, ತಡೆದರೆ ಕೆಂಡವಾಗುವುದು. ಮಕ್ಕಳಲ್ಲಿ ಹುಮ್ಮಸ್ಸಿಗಿಂತ ಸಿಡುಕೇ ಮುಂದಾಗಬಹುದು. ಇಷ್ಟೆಲ್ಲದರ ನಡುವೆ ತಾಯಿ ಮೊದಲು ಗಮನಿಸಬಹುದಾದ ಗುರುತು ಒಂದೇ: ನಿದ್ದೆ ಬೇಡವಾಗುವುದು. ನಿದ್ದೆ ಬಾರದೆ ಹೊರಳಾಡಿ ಸೊರಗುವುದು ಬೇರೆ. ಇಲ್ಲಿ ಮಗುವಿಗೆ ನಿದ್ದೆಯ ಅಗತ್ಯವೇ ಇಲ್ಲವೆನಿಸುತ್ತದೆ.

ಖಿನ್ನತೆ ಇದರ ಬೆನ್ನಿಗೆ, ಅಥವಾ ತಿಂಗಳುಗಳ ನಂತರ ಬರಬಹುದು. ಕೆಲವರಲ್ಲಿ ಅದೇ ಮೊದಲು. ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸಿಲ್ಲ, ಊಟ ರುಚಿಸುವುದಿಲ್ಲ, ಹಾಸಿಗೆ ಬಿಟ್ಟು ಏಳುವುದೇ ಬೆಟ್ಟ ಹತ್ತಿದಷ್ಟು ಭಾರ, ‘ನಾ ಇದ್ದರೆಷ್ಟ, ಸತ್ತರೆಷ್ಟ’ ಎಂಬ ಮಾತು. ಕೆಲವೊಮ್ಮೆ ಎರಡೂ ಬೆರೆತು ಬರುತ್ತವೆ: ಮೈತುಂಬ ಚಡಪಡಿಕೆ, ಮನಸ್ಸಿನ ತುಂಬ ಕತ್ತಲೆ. ಇದು ಹೆಚ್ಚು ಅಪಾಯದ ಹೊತ್ತು.

ಮೊದಲ ಸಲ ಖಿನ್ನತೆಯಾಗಿ ಕಂಡದ್ದಕ್ಕೆ ಬರೀ ಖಿನ್ನತೆಯ ಗುಳಿಗೆ ಕೊಟ್ಟರೆ ಕೆಲವು ಮಕ್ಕಳಲ್ಲಿ ಮನಸ್ಸು ಉನ್ಮಾದದ ಕಡೆಗೆ ನೆಗೆಯುವುದುಂಟು. ಆದ್ದರಿಂದ ಹಿಂದೆ ಎಂದಾದರೂ ನಿದ್ದೆಗೆಟ್ಟ ಹುರುಪಿನ ದಿನಗಳು ಬಂದಿದ್ದವೇ, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂಬುದನ್ನು ವೈದ್ಯರು ಕೇಳದಿದ್ದರೂ ಹೇಳಬೇಕು. ಥೈರಾಯ್ಡ್ ತೊಂದರೆ, ಗಾಂಜಾ, ಕೆಲವು ಔಷಧಿಗಳು ಇದೇ ವೇಷ ಹಾಕಿ ಬರಬಹುದಾದ್ದರಿಂದ ಪರೀಕ್ಷೆಗಳು ನಡೆಯುತ್ತವೆ. ಚಿಕ್ಕಂದಿನಿಂದಲೂ ಒಂದೇ ಸಮನೆ ಚಂಚಲವಾಗಿರುವ ಮಗುವಿನ ತೊಂದರೆ ಬೇರೆಯದಿರಬಹುದು. ಬೈಪೋಲಾರ್‌ನ ಗುರುತು ‘ಮೊನ್ನೆ ತನಕ ಹಿಂಗಿರಲಿಲ್ಲ’ ಎಂಬ ಬದಲಾವಣೆಯಲ್ಲಿದೆ. ಅದನ್ನು ಬಲ್ಲವರು ಮನೆಯವರು ಮಾತ್ರ.

ತಪ್ಪು ಯಾರದು?

ಯಾರದೂ ಅಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕು. ‘ಹೆಚ್ಚು ಮುದ್ದು ಮಾಡಿ ಕೆಡಿಸಿದಳು’ ಎಂದು ಅತ್ತೆ, ‘ಓದು ಓದು ಅಂತ ಬಡದ’ ಎಂದು ಬೀಗರು, ‘ಯಾರೋ ಮಾಟ ಮಾಡಿಸ್ಯಾರ’ ಎಂದು ನೆರೆಯವರು ಬೆರಳು ತೋರುತ್ತಾರೆ. ಬೈಪೋಲಾರ್ ಬೇರು ಬಿಟ್ಟಿರುವುದು ಮೆದುಳಿನ ಕೆಲಸದಲ್ಲಿ, ಬಹುಮಟ್ಟಿಗೆ ವಂಶವಾಹಿಗಳಲ್ಲಿ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವ ಸಂಭವ ಬಹಳ ಹೆಚ್ಚು. ಹಾಗಿದ್ದರೂ ತಂದೆಗೋ ತಾಯಿಗೋ ಈ ಕಾಯಿಲೆ ಇದ್ದ ಮಾತ್ರಕ್ಕೆ ಮಗುವಿಗೆ ಬಂದೇ ಬರುತ್ತದೆಂದಲ್ಲ. ಅಂಥ ಮನೆಗಳ ಹೆಚ್ಚಿನ ಮಕ್ಕಳಿಗೆ ಇದು ಬರುವುದೇ ಇಲ್ಲ. ನಿದ್ದೆಗೇಡು, ಮಾದಕ ವಸ್ತು, ದೊಡ್ಡ ಆಘಾತ ಒಳಗಿದ್ದುದನ್ನು ಹೊರಗೆ ತರಬಹುದು. ಬೈಗುಳವಾಗಲಿ ಮುದ್ದಾಗಲಿ ಇದನ್ನು ಹುಟ್ಟಿಸುವುದಿಲ್ಲ.

ನಮ್ಮ ಕಡೆ ಇಂಥ ಮಗುವನ್ನು ಆಸ್ಪತ್ರೆಗಿಂತ ಮೊದಲು ದೇವರ ಮುಂದೆ ನಿಲ್ಲಿಸುತ್ತಾರೆ. ಗಾಣಗಾಪುರದ ದತ್ತನ ಸನ್ನಿಧಿಗೆ ‘ಗಾಳಿ ಬಡಿದವರು’ ಬರುವುದು ತಲೆಮಾರುಗಳ ರೂಢಿ. ದರ್ಗಾಗಳಿಗೂ ಜಾತಿ–ಮತದ ಭೇದವಿಲ್ಲದೆ ಜನ ನಡೆದುಕೊಳ್ಳುತ್ತಾರೆ. ಆ ನಂಬಿಕೆಯನ್ನು ಹೀಯಾಳಿಸಿ ಯಾವ ವೈದ್ಯರೂ ಯಾವ ಕುಟುಂಬವನ್ನೂ ಗೆದ್ದಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ‘ದವಾ–ದುವಾ’ ಎಂಬ ಕೆಲಸ ನಡೆದಿದೆ. ಅಲ್ಲಿನ ಮುಜಾವರರೇ ಹರಕೆಗೆ ಬಂದವರನ್ನು ಪಕ್ಕದ ಮನೋವೈದ್ಯರ ಬಳಿಗೆ ಕಳಿಸುತ್ತಾರೆ. ಪ್ರಾರ್ಥನೆಯೂ ಉಂಟು, ಗುಳಿಗೆಯೂ ಉಂಟು. ಇದಕ್ಕೆ ಎದುರಾದ ಉದಾಹರಣೆ ತಮಿಳುನಾಡಿನ ಏರ್ವಾಡಿ. 2001ರ ಆಗಸ್ಟ್ 6ರಂದು ಅಲ್ಲಿನ ಒಂದು ಆಶ್ರಯಧಾಮಕ್ಕೆ ಬೆಂಕಿ ಬಿದ್ದಾಗ ಸರಪಳಿ ಹಾಕಿಸಿಕೊಂಡಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟು ಸತ್ತರು. ಗೆರೆ ಎಲ್ಲಿ ಎಳೆಯಬೇಕೆಂಬುದು ಇಲ್ಲಿ ಸ್ಪಷ್ಟ: ತೆಂಗಿನಕಾಯಿ ಒಡೆಯಿರಿ, ತಾಯತ ಕಟ್ಟಿ, ಚಾದರ ಹೊದಿಸಿ. ಕಟ್ಟಿಹಾಕಬೇಡಿ, ಹೊಡೆಯಬೇಡಿ, ಉಪವಾಸ ಕೆಡವಬೇಡಿ, ಗುಳಿಗೆ ನಿಲ್ಲಿಸಬೇಡಿ.

ಮೊದಲ ಎರಡು ವರ್ಷ

ಮಕ್ಕಳ ಬೈಪೋಲಾರ್ ಬಗ್ಗೆ ನಮ್ಮದೇ ರಾಜ್ಯದಲ್ಲಿ ನಡೆದ ಒಂದು ಅಧ್ಯಯನವನ್ನು ಪ್ರತಿ ತಂದೆ–ತಾಯಿಯೂ ತಿಳಿದಿರಬೇಕು. ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯೆ ಡಾ. ಶೋಭಾ ಶ್ರೀನಾಥ್ ಮತ್ತು ಸಹೋದ್ಯೋಗಿಗಳು ಈ ಕಾಯಿಲೆಯ 30 ಮಕ್ಕಳು ಮತ್ತು ಹದಿಹರೆಯದವರನ್ನು ನಾಲ್ಕೈದು ವರ್ಷ ಹಿಂಬಾಲಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ಸುದ್ದಿ ಸಂತೋಷದ್ದು: ಮೂವತ್ತಕ್ಕೆ ಮೂವತ್ತೂ ಮಕ್ಕಳು ಆ ಹೊತ್ತಿನ ಕಾಯಿಲೆಯಿಂದ ಚೇತರಿಸಿಕೊಂಡರು. ಎರಡನೆಯ ಸುದ್ದಿ ಎಚ್ಚರಿಕೆಯದು: ಮೂರರಲ್ಲಿ ಎರಡು ಪಾಲು ಮಕ್ಕಳಿಗೆ ಅದು ಮರುಕಳಿಸಿತು. ಹೆಚ್ಚಿನವರಿಗೆ ಮರುಕಳಿಸಿದ್ದು ಗುಣವಾದ ಮೊದಲ ಎರಡು ವರ್ಷದೊಳಗೆ.

ಅಂದರೆ ಮಗು ಆರಾಮಾಗುತ್ತದೆ. ಆರಾಮಾದ ಮೇಲಿನ ಎರಡು ವರ್ಷವೇ ಜಾರುವ ನೆಲ. ಆದರೆ ಗುಳಿಗೆ ನಿಲ್ಲುವುದೂ ಆಗಲೇ. ‘ಈಗ ಚಲೋ ಅದಾನಲ್ಲ, ಇನ್ಯಾಕ ಬೇಕು’, ‘ಗುಳಿಗಿ ನುಂಗಿ ನುಂಗಿ ಮಬ್ಬಾಗ್ಯಾನ’, ‘ಚಟಾ ಆದೀತು’, ‘ಪರೀಕ್ಷೆ ಮುಗಿಯೂ ತನಕ ಬ್ಯಾಡ’. ಮಾತು ಬೇರೆ ಬೇರೆ, ಮಾಡುವ ತಪ್ಪು ಒಂದೇ. ಮಮದಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕೆರೆಯ ಏರಿಯನ್ನು ಭದ್ರ ಮಾಡುವುದು ನೀರು ಇಳಿದ ಕಾಲದಲ್ಲಿ, ತುಂಬಿ ಒಡೆಯುವ ರಾತ್ರಿಯಲ್ಲಲ್ಲ.

ಈ ಪಾಠ ಔಷಧಿಯ ಚರಿತ್ರೆಯ ಮೊದಲ ಪುಟದಲ್ಲೇ ಇದೆ. ಬೈಪೋಲಾರ್‌ಗೆ ಇಂದಿಗೂ ಮುಖ್ಯ ಆಧಾರವಾಗಿರುವ ಲಿಥಿಯಂ ಉನ್ಮಾದವನ್ನು ತಣಿಸುತ್ತದೆಂದು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಪ್ರಕಟಿಸಿದ. ಅವನ ಮೊದಲ ರೋಗಿ ಐದು ವರ್ಷ ಉನ್ಮಾದದಲ್ಲೇ ಆಸ್ಪತ್ರೆಯಲ್ಲಿ ಕಳೆದಿದ್ದ 51ರ ಮನುಷ್ಯ. 1948ರ ಮಾರ್ಚ್ ಕೊನೆಯಲ್ಲಿ ಲಿಥಿಯಂ ಆರಂಭವಾಯಿತು. ಜುಲೈ ಹೊತ್ತಿಗೆ ಅವನು ಮನೆಗೆ ಹೋದ, ಹಳೆಯ ಕೆಲಸಕ್ಕೂ ಸೇರಿದ. ಆರಾಮಾದೆನೆಂದು ಔಷಧಿ ಬಿಟ್ಟ. 1949ರ ಜನವರಿ ಕೊನೆಗೆ ಮತ್ತೆ ಅದೇ ಆಸ್ಪತ್ರೆಗೆ ಬಂದ. ಮುಂದೆ 1950ರಲ್ಲಿ ಅವನು ಸತ್ತದ್ದು ಅದೇ ಲಿಥಿಯಂ ದೇಹದಲ್ಲಿ ಹೆಚ್ಚಾಗಿ ನಂಜಾದ್ದರಿಂದ. ರಕ್ತದಲ್ಲಿ ಅದರ ಪ್ರಮಾಣ ಅಳೆದು ಔಷಧಿ ಕೊಡುವ ಪದ್ಧತಿ ಆಗಿನ್ನೂ ಬಂದಿರಲಿಲ್ಲ. ಗುಳಿಗೆ ಬಿಟ್ಟರೆ ಏನಾಗುತ್ತದೆ, ರಕ್ತ ಪರೀಕ್ಷೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಆ ಒಬ್ಬನೇ ತನ್ನ ಬದುಕಿನಿಂದ ತೋರಿಸಿಕೊಟ್ಟ.

ಹಾಗಾದರೆ ಗುಳಿಗೆ ಎಷ್ಟು ದಿನ? ಮೊದಲ ಸಲ ಬಂದಿದ್ದರೂ ಗುಣವಾದ ಮೇಲೆ ಒಂದೆರಡು ವರ್ಷ ಮುಂದುವರಿಸುವುದು ಸಾಮಾನ್ಯ. ಮತ್ತೆ ಮತ್ತೆ ಬಂದಿದ್ದರೆ ಇನ್ನೂ ದೀರ್ಘ, ಕೆಲವರಿಗೆ ಜೀವನಪೂರ್ತಿ. ನಿಲ್ಲಿಸುವ ನಿರ್ಧಾರ ವೈದ್ಯರದ್ದು. ನಿಲ್ಲಿಸುವುದೂ ಒಮ್ಮೆಗೇ ಅಲ್ಲ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ. ಲಿಥಿಯಂ ಚಟ ಹಿಡಿಸುವ ವಸ್ತುವಲ್ಲ. ದುಬಾರಿಯೂ ಅಲ್ಲ. ಭಾರತದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಮಗುವಿಗೆ ನಿಜವಾಗಿಯೂ ಮಬ್ಬು, ನಡುಕ, ತೂಕ ಹೆಚ್ಚಳ ಆಗುತ್ತಿದ್ದರೆ ಅದನ್ನು ಬರೆದಿಟ್ಟುಕೊಂಡು ಹೇಳಿ. ಪ್ರಮಾಣ ಬದಲಿಸಬಹುದು, ಔಷಧಿಯನ್ನೇ ಬದಲಿಸಬಹುದು. ಹೆಣ್ಣುಮಗುವಾದರೆ ವ್ಯಾಲ್‌ಪ್ರೋಯೇಟ್ ಎಂಬ ಔಷಧಿಯ ಬಗ್ಗೆ ತಪ್ಪದೆ ಕೇಳಿ. ಮುಂದೆ ಗರ್ಭಿಣಿಯಾದಾಗ ಅದು ಭ್ರೂಣಕ್ಕೆ ಹಾನಿ ಮಾಡಬಲ್ಲದು, ಆದ್ದರಿಂದ ಸಾಧ್ಯವಿದ್ದಷ್ಟೂ ಬೇರೆ ಔಷಧಿಯನ್ನು ಆರಿಸುತ್ತಾರೆ.

ನಲವತ್ತು ಡಿಗ್ರಿ ಬಿಸಿಲು ಮತ್ತು ಒಂದು ಗುಳಿಗೆ

ಲಿಥಿಯಂ ಒಂದು ಲವಣ. ದೇಹದಿಂದ ಅದನ್ನು ಹೊರಹಾಕುವುದು ಮೂತ್ರಪಿಂಡ. ಮೈಯಲ್ಲಿ ನೀರು ಮತ್ತು ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದರ ಜತೆ ಲಿಥಿಯಂ ಕೂಡ ಒಳಗೇ ಉಳಿಯುತ್ತದೆ. ಕೆಲಸ ಮಾಡುವ ಪ್ರಮಾಣಕ್ಕೂ ನಂಜಾಗುವ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. ಸಾಮಾನ್ಯವಾಗಿ ಲೀಟರ್ ರಕ್ತಸಾರಕ್ಕೆ 0.6ರಿಂದ 1.0 ಮಿಲಿಮೋಲ್ ಇರುವಂತೆ ನೋಡಿಕೊಳ್ಳುತ್ತಾರೆ. 1.5 ದಾಟಿದರೆ ಅಪಾಯ. ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುವ ನಮ್ಮ ಜಿಲ್ಲೆಯಲ್ಲಿ ಈ ಲೆಕ್ಕ ಪುಸ್ತಕದ ಮಾತಲ್ಲ, ದಿನನಿತ್ಯದ ಮಾತು.

ಮಗು ಹೊಲಕ್ಕೆ, ಆಟಕ್ಕೆ, ಪರೀಕ್ಷೆಗೆ ಹೋಗುವಾಗ ನೀರಿನ ಬಾಟಲಿ ಜತೆಗಿರಲಿ. ಮಜ್ಜಿಗೆ, ಅಂಬಲಿ, ಉಪ್ಪು ಹಾಕಿದ ಲಿಂಬೆ ಪಾನಕ ಒಳ್ಳೆಯದು. ‘ಉಪ್ಪು ಬಿಡಿಸಿದರೆ ಒಳ್ಳೇದು’ ಎಂದು ಯಾರೋ ಹೇಳಿದರೆಂದು ಒಮ್ಮೆಲೇ ಉಪ್ಪು ನಿಲ್ಲಿಸಬಾರದು. ವಾಂತಿ–ಭೇದಿ, ಜೋರು ಜ್ವರ ಬಂದರೆ ಅದೇ ದಿನ ವೈದ್ಯರಿಗೆ ಫೋನ್ ಮಾಡಬೇಕು. ಮೈಕೈ ನೋವಿಗೆ ಅಂಗಡಿಯಲ್ಲಿ ಸಿಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಗುಳಿಗೆಗಳು ರಕ್ತದಲ್ಲಿ ಲಿಥಿಯಂ ಹೆಚ್ಚಿಸುತ್ತವೆ. ಆದ್ದರಿಂದ ಊರಲ್ಲಿ ಯಾವ ವೈದ್ಯರ ಬಳಿ ಹೋದರೂ ‘ಇವನಿಗೆ ಲಿಥಿಯಂ ನಡೆದಿದೆ’ ಎಂದು ಮೊದಲು ಹೇಳಿ. ರಂಜಾನಿನ ರೋಜಾ, ಶ್ರಾವಣದ ಉಪವಾಸ ಮಾಡುವ ಆಸೆ ಮಗುವಿಗಿದ್ದರೆ ಹಬ್ಬಕ್ಕೆ ಮುಂಚೆಯೇ ಮನೋವೈದ್ಯರನ್ನು ಕೇಳಬೇಕು. ಕಾಯಿಲೆಯವರಿಗೆ ಧರ್ಮಗಳೂ ವಿನಾಯಿತಿ ಕೊಟ್ಟಿವೆ.

ಕೈ ಗಡಗಡ ನಡುಗುವುದು, ತೊದಲುವುದು, ಹೆಜ್ಜೆ ತಪ್ಪುವುದು, ಮಂಪರು, ನಿಲ್ಲದ ವಾಂತಿ: ಇವು ಲಿಥಿಯಂ ಹೆಚ್ಚಾದ ಗುರುತು. ಮುಂದಿನ ಗುಳಿಗೆ ಕೊಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ರಕ್ತ ಪರೀಕ್ಷೆಯನ್ನು ಕೊನೆಯ ಗುಳಿಗೆ ನುಂಗಿದ ಸುಮಾರು 12 ತಾಸಿನ ನಂತರ ಮಾಡಿಸಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದ್ದರೆ ಬೆಳಿಗ್ಗೆ ಒಂಬತ್ತಕ್ಕೆ ರಕ್ತ ಕೊಟ್ಟ ಮೇಲೆಯೇ ಬೆಳಗಿನ ಗುಳಿಗೆ. ಥೈರಾಯ್ಡ್ ಮತ್ತು ಮೂತ್ರಪಿಂಡದ ಪರೀಕ್ಷೆಗಳೂ ಕಾಲಕಾಲಕ್ಕೆ ನಡೆಯಬೇಕು. ಈ ವಿವರಗಳೆಲ್ಲ ಒಂದು ಪುಸ್ತಕದಲ್ಲಿರಲಿ, ಆ ಪುಸ್ತಕ ಪ್ರತಿ ಸಲ ವೈದ್ಯರ ಮೇಜಿನ ಮೇಲಿರಲಿ.

ನಿದ್ದೆ ಎಂಬ ಔಷಧಿ

ಗುಳಿಗೆಯ ನಂತರ ಎರಡನೆಯ ಆಧಾರ ನಿದ್ದೆ. ಏಳುವ, ಉಣ್ಣುವ, ಮಲಗುವ ಹೊತ್ತನ್ನು ದಿನವೂ ಒಂದೇ ಕಡೆ ಕಟ್ಟಿಹಾಕಿದರೆ ಮರುಕಳಿಕೆ ತಡವಾಗುತ್ತದೆಂದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಎಲೆನ್ ಫ್ರಾಂಕ್ ಮತ್ತು ತಂಡ ವರ್ಷಗಟ್ಟಲೆ ಕೆಲಸ ಮಾಡಿ ತೋರಿಸಿದೆ. ಕೆಲವು ಮಕ್ಕಳಲ್ಲಿ ಒಂದೆರಡು ರಾತ್ರಿಯ ನಿದ್ದೆಗೇಡೇ ಉನ್ಮಾದಕ್ಕೆ ಬಾಗಿಲು ತೆರೆಯುತ್ತದೆ.

ಹಳ್ಳಿಯ ಬದುಕಿನಲ್ಲಿ ನಿದ್ದೆಗೆಡುವ ಸಂದರ್ಭಗಳಿಗೆ ಬರವಿಲ್ಲ. ತ್ರೀಫೇಸ್ ಕರೆಂಟು ರಾತ್ರಿ ಬಂದರೆ ಹೊಲಕ್ಕೆ ನೀರು ಬಿಡಲು ಅಪ್ಪನ ಜತೆ ಮಗ ಹೋಗುತ್ತಾನೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ, ಮೊಹರಂ, ರಾತ್ರಿಯಿಡೀ ಭಜನೆ, ಬಯಲಾಟ, ಸಂಬಂಧಿಕರ ಲಗ್ನ. ಫೆಬ್ರುವರಿ–ಮಾರ್ಚ್ ಬಂತೆಂದರೆ ಬೆಳಗಿನ ಜಾವ ಮೂರರವರೆಗೆ ಓದು. ಕೈಯಲ್ಲಿ ಮೊಬೈಲ್. ಮಗುವನ್ನು ಎಲ್ಲದರಿಂದ ದೂರವಿಡಬೇಕಿಲ್ಲ. ಜಾತ್ರೆಗೆ ಹಗಲು ಹೋಗಿ ಬರಲಿ, ಲಗ್ನದ ಅಕ್ಷತೆಗೆ ಇರಲಿ, ರಾತ್ರಿ ಮೆರವಣಿಗೆಗೆ ಬೇಡ. ರಾತ್ರಿ ನೀರು ಬಿಡುವ ಕೆಲಸ ಅವನಿಗೆ ಹಚ್ಚಬೇಡಿ. ಓದು ಬೆಳಿಗ್ಗೆ ನಡೆಯಲಿ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಎಲ್ಲರೂ ಮಲಗುವಾಗ ಮಾತು ತಡರಾತ್ರಿಗೆ ಎಳೆಯುತ್ತದೆ. ಆ ಮನೆಯಲ್ಲಿ ಹತ್ತಕ್ಕೆ ಮಾತು ನಿಲ್ಲಲಿ. ಒಂದು ಮಗುವಿಗಾಗಿ ಇಡೀ ಮನೆ ಹೊತ್ತಿಗೆ ಸರಿಯಾಗಿ ಮಲಗಿದರೆ ಉಳಿದವರಿಗೆ ನಷ್ಟವೇನಿಲ್ಲ.

ಮನೆಯ ದನಿ

ರೋಗಿ ಮನೆಗೆ ಮರಳಿದ ಮೇಲೆ ಮನೆಯವರು ಹೇಗೆ ಮಾತಾಡುತ್ತಾರೆ ಎಂಬುದು ಕಾಯಿಲೆಯ ಮುಂದಿನ ದಾರಿಯನ್ನು ಬದಲಿಸುತ್ತದೆ ಎಂಬುದನ್ನು ಮೊದಲು ಗಮನಿಸಿದವರು ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು. ದಿನವೂ ಚುಚ್ಚುಮಾತು, ಹಗೆ, ಅಥವಾ ಉಸಿರು ಕಟ್ಟಿಸುವಷ್ಟು ಕಾವಲು ಇರುವ ಮನೆಗಳಲ್ಲಿ ಮರುಕಳಿಕೆ ಹೆಚ್ಚು. ಬೈಪೋಲಾರ್ ಇರುವವರ ಕುಟುಂಬಗಳಿಗೇ ತರಬೇತಿ ಕೊಡುವ ಪದ್ಧತಿಯನ್ನು ಅಮೆರಿಕದ ಡೇವಿಡ್ ಮಿಕ್ಲೊವಿಟ್ಜ್ ರೂಪಿಸಿದರು. ಕಾಯಿಲೆ ಏನೆಂದು ಎಲ್ಲರೂ ಕಲಿಯುವುದು, ಸಮಾಧಾನದಿಂದ ಮಾತಾಡುವುದು, ಒಂದೊಂದೇ ತೊಡಕನ್ನು ಕೂತು ಬಿಡಿಸುವುದು: ಅದರ ತಿರುಳು ಇಷ್ಟೇ. ಇದರಲ್ಲಿ ನಾವು ಯಾರಿಗೂ ಹಿಂದಿಲ್ಲ. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆವರಣದಲ್ಲಿ ಗುಡಾರ ಹಾಕಿಸಿ ರೋಗಿಗಳ ಜತೆ ಮನೆಯವರನ್ನೂ ಉಳಿಸಿಕೊಂಡು ಚಿಕಿತ್ಸೆ ಮಾಡುತ್ತಿದ್ದರು.

ಉನ್ಮಾದದಲ್ಲಿರುವ ಮಗುವಿನ ಜತೆ ವಾದ ಬೇಡ. ಚಿಕ್ಕ ಮಾತು, ತಗ್ಗಿದ ದನಿ, ಸುತ್ತ ಕಡಿಮೆ ಜನ. ಬೈಕ್ ಕೀ, ಎಟಿಎಂ ಕಾರ್ಡು, ಹಣ ದೊಡ್ಡವರ ಬಳಿ ಇರಲಿ. ಮಗು ಆ ದಿನಗಳಲ್ಲಿ ಆಡಿದ ಮಾತನ್ನು, ಮಾಡಿದ ಖರ್ಚನ್ನು ಆರಾಮಾದ ಮೇಲೆ ಎತ್ತಿ ಆಡಬೇಡಿ. ಅದಕ್ಕೆ ನಾಚಿಕೆ ಆಗಲೇ ಸಾಕಷ್ಟಿರುತ್ತದೆ. ಹಾಗೆಂದು ಎಲ್ಲವನ್ನೂ ಕಾಯಿಲೆಯ ಲೆಕ್ಕಕ್ಕೆ ಬರೆಯುವುದೂ ತಪ್ಪು. ಹದಿನಾರರ ಹುಡುಗಿ ಬಾಗಿಲು ಬಡಿದರೆ ಅದು ಹದಿನಾರರ ಸಿಟ್ಟೂ ಇರಬಹುದು. ಪ್ರತಿ ನಗೆಗೂ ‘ಗುಳಿಗಿ ತಗೊಂಡಿಯಿಲ್ಲೋ’ ಎಂದು ಕೇಳಿದರೆ ಮಗುವಿಗೆ ತಾನು ಮನುಷ್ಯನಲ್ಲ, ಬರೀ ರೋಗ ಎನಿಸತೊಡಗುತ್ತದೆ.

ಮಗು ಆರಾಮಿದ್ದಾಗ ಅದರ ಜತೆ ಕೂತು ಒಂದು ಪಟ್ಟಿ ಮಾಡಿ: ಹೋದ ಸಲ ಮೊದಲು ಏನು ಕಾಣಿಸಿತು? ನಿದ್ದೆ ಎಷ್ಟು ಕಡಿಮೆಯಾಯಿತು? ಯಾವ ಮಾತು ಶುರುವಾಯಿತು? ಮತ್ತೆ ಹಾಗಾದರೆ ಯಾರಿಗೆ ಫೋನ್ ಮಾಡಬೇಕು, ಯಾರ ಮಾತನ್ನು ನೀನು ಕೇಳುತ್ತೀ? ಮಗುವೇ ಹೇಳಿದ ಉತ್ತರ ಮುಂದಿನ ಬಿಕ್ಕಟ್ಟಿನಲ್ಲಿ ಹತ್ತು ಮಂದಿಯ ಬಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನು ಆರೈಕೆ ಒಬ್ಬ ತಾಯಿಯ ಹೆಗಲಿಗೇ ಬೀಳುವುದು ನಮ್ಮ ಮನೆಗಳ ರೂಢಿ. ಅಪ್ಪ ದುಡಿಯಲು ಮಹಾರಾಷ್ಟ್ರಕ್ಕೋ ಗೋವಾಕ್ಕೋ ಹೋಗಿದ್ದರೆ ಆಕೆಗೆ ಉಸಿರಾಡಲೂ ಬಿಡುವಿಲ್ಲ. ಅಣ್ಣ–ತಂಗಿಯರಿಗೆ ಕಾಯಿಲೆ ಏನೆಂದು ಅವರ ವಯಸ್ಸಿಗೆ ತಕ್ಕಂತೆ ತಿಳಿಸಬೇಕು, ಅವರ ಪಾಲಿನ ಹೊತ್ತನ್ನೂ ಕೊಡಬೇಕು. ಸೋದರಮಾವ, ಚಿಕ್ಕಮ್ಮ, ಅಜ್ಜ ಯಾರಾದರೊಬ್ಬರು ಗುಳಿಗೆಯ ಲೆಕ್ಕ, ಇನ್ನೊಬ್ಬರು ಆಸ್ಪತ್ರೆಯ ಓಡಾಟ ಹಂಚಿಕೊಳ್ಳಲಿ.

ಬೀಗ ಹಾಕಬೇಕಾದ ಕಪಾಟು

ಈ ಕಾಯಿಲೆಯಲ್ಲಿ ಆತ್ಮಹತ್ಯೆಯ ಅಪಾಯ ನಿಜ. ‘ಸಾಯಬೇಕನಿಸತೈತಿ’ ಎಂದು ಮಗು ಅಂದರೆ ಹೆದರಿಸುವುದು, ನಗುವುದು, ಆಣೆ ಹಾಕಿಸುವುದು ಬೇಡ. ‘ಹಂಗ ಅನಿಸ್ತದೇನು, ಯಾವಾಗಿಂದ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹಗುರಾಗುತ್ತದೆ. ಆ ಹೊತ್ತಿನಲ್ಲಿ ಮಗುವನ್ನು ಒಂಟಿಯಾಗಿ ಬಿಡಬೇಡಿ, ಅದೇ ದಿನ ವೈದ್ಯರನ್ನು ಕಾಣಿ.

ದ್ರಾಕ್ಷಿ, ದಾಳಿಂಬೆ, ತೊಗರಿ ಬೆಳೆಯುವ ನಮ್ಮ ಮನೆಗಳಲ್ಲಿ ಕೀಟನಾಶಕದ ಡಬ್ಬಿ ಅಟ್ಟದ ಮೇಲೋ ಬಾಗಿಲ ಸಂದಿಯಲ್ಲೋ ಇರುತ್ತದೆ. ಈ ಮಗುವಿರುವ ಮನೆಯಲ್ಲಿ ಅದು ಇರಲೇಕೂಡದು. ಹೊಲದ ಕೋಣೆಯಲ್ಲಿ ಬೀಗದೊಳಗಿರಲಿ, ಕೀ ಒಬ್ಬರ ಬಳಿ ಇರಲಿ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಅಲ್ಲಿನ ಆತ್ಮಹತ್ಯೆಯ ಪ್ರಮಾಣ 1995ರ ನಂತರದ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಕೈಗೆ ಸಿಗದಿದ್ದರೆ ಆ ಕ್ಷಣ ದಾಟುತ್ತದೆ, ಜೀವ ಉಳಿಯುತ್ತದೆ. ಗುಳಿಗೆ ಡಬ್ಬಿಗೂ ಇದೇ ನಿಯಮ: ದಿನದ ಪಾಲು ದೊಡ್ಡವರೇ ಕೊಡಬೇಕು.

ಶಾಲೆ ಬಿಡಿಸಬೇಡಿ, ಲಗ್ನ ಮಾಡಬೇಡಿ

ಕಾಯಿಲೆ ಬಂತೆಂದು ಶಾಲೆ ಬಿಡಿಸುವುದು ಮಗುವಿಗೆ ಎರಡನೆಯ ಪೆಟ್ಟು. ಮುಖ್ಯೋಪಾಧ್ಯಾಯರಿಗೆ, ಒಬ್ಬ ವರ್ಗಶಿಕ್ಷಕರಿಗೆ ವಿಷಯ ತಿಳಿದಿರಲಿ. ನೀರು ಕುಡಿಯಲು, ಶೌಚಕ್ಕೆ ಹೋಗಲು ಅಡ್ಡಿಯಿಲ್ಲದಿರಲಿ. ಒಂದು ವರ್ಷ ತಡವಾಗಿ ಪರೀಕ್ಷೆ ಬರೆದರೆ ಆಕಾಶ ಬೀಳುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಅನಾರೋಗ್ಯವನ್ನೂ 21 ಬಗೆಯ ಅಂಗವೈಕಲ್ಯಗಳಲ್ಲಿ ಸೇರಿಸಿದೆ. ಕಾಯಿಲೆ ತೀವ್ರವಾಗಿ ಬಹುಕಾಲ ಉಳಿದರೆ ಪ್ರಮಾಣಪತ್ರ ಪಡೆಯಲು ದಾರಿಯಿದೆ.

‘ಲಗ್ನಾ ಮಾಡಿದರ ಸರಿಹೋಗತಾನ’ ಎಂಬ ಸಲಹೆ ಪ್ರತಿ ಓಣಿಯಲ್ಲೂ ಸಿಗುತ್ತದೆ. ಹುಡುಗಿಯ ವಿಷಯದಲ್ಲಿ ಇದು ಇನ್ನೂ ಬೇಗ ಬರುತ್ತದೆ. ಲಗ್ನ ಔಷಧಿಯಲ್ಲ. ಹೊಸ ಮನೆ, ನಿದ್ದೆಗೇಡು, ಕಾಯಿಲೆ ಮುಚ್ಚಿಟ್ಟ ಭಯ, ಗುಟ್ಟಾಗಿ ನುಂಗಲಾಗದೆ ನಿಂತುಹೋದ ಗುಳಿಗೆ, ಬೇಗ ಬರುವ ಬಸಿರು: ಒಂದೊಂದೂ ಮರುಕಳಿಕೆಗೆ ಕಾರಣ. ಬಾಲ್ಯವಿವಾಹವಂತೂ ಕರ್ನಾಟಕದ ಕಾನೂನಿನಲ್ಲಿ ಮೊದಲಿನಿಂದಲೇ ಅನೂರ್ಜಿತ. ಮಗು ದೊಡ್ಡದಾಗಲಿ, ತನ್ನ ಕಾಯಿಲೆ ತಾನೇ ಅರಿತು ನಿಭಾಯಿಸಲಿ. ಮದುವೆ ಆಮೇಲೆ, ಎಲ್ಲವನ್ನೂ ತಿಳಿಸಿ.

ಊರು ಮಾಡಬೇಕಾದ ಕೆಲಸ

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಬೈಪೋಲಾರ್ ಇರುವ ವಯಸ್ಕರಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಮಂದಿ ಚಿಕಿತ್ಸೆಯ ಹೊರಗಿದ್ದರು. ಇದಕ್ಕೆ ಪರಿಹಾರದ ದಾರಿ ತೋರಿಸಿದ್ದೂ ನಮ್ಮ ನಾಡೇ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಕೆಲವೇ ಔಷಧಿಗಳಿಂದ ಮಾನಸಿಕ ಕಾಯಿಲೆಗಳನ್ನು ಊರಿನಲ್ಲೇ ನೋಡಿಕೊಳ್ಳಬಹುದೆಂದು ತೋರಿಸಿತು. ಅದೇ ಮಾದರಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಇಂದು ಆ ಕಾರ್ಯಕ್ರಮ ವಿಜಯಪುರದಲ್ಲೂ ಇದೆ. ರಾಜ್ಯದ ಮನೋಚೈತನ್ಯ ಯೋಜನೆಯಲ್ಲಿ ನಿಗದಿತ ದಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆಯ ಏರ್ಪಾಡಿದೆ. ಯಾವ ದಿನ ಎಂಬುದನ್ನು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಿಳಿಸುತ್ತಾರೆ. ನಡುರಾತ್ರಿ ದಿಕ್ಕು ತೋಚದಾದಾಗ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಆಪ್ತಸಮಾಲೋಚಕರು ಕನ್ನಡದಲ್ಲೇ ಮಾತಾಡುತ್ತಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಹಗಲಿರುಳೂ ಉಚಿತ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರ್ಕಾರಿ ಚಿಕಿತ್ಸೆಯನ್ನು ಹಕ್ಕು ಎಂದಿದೆ. ಹದಿನೆಂಟು ತುಂಬದ ಮಗುವನ್ನು ದಾಖಲಿಸಿದರೆ ದೊಡ್ಡವರಿಂದ ಬೇರೆಯಾದ ಜಾಗದಲ್ಲಿಡಬೇಕು, ಮನೆಯ ಒಬ್ಬರು ಪೂರ್ತಿ ಕಾಲ ಜತೆಗಿರಬೇಕು. ಯಾವ ರೋಗಿಯನ್ನೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ವಿಮಾ ಕಂಪನಿ ದೈಹಿಕ ಕಾಯಿಲೆಗೆ ಕೊಡುವ ರಕ್ಷಣೆಯನ್ನು ಇದಕ್ಕೂ ಕೊಡಬೇಕು.

ಕಾಗದದ ಮೇಲಿರುವ ಈ ಹಕ್ಕು ಮಮದಾಪುರದ ಮನೆಗೆ ತಲುಪಬೇಕಾದರೆ ಮೂರು ಕೆಲಸ ಆಗಬೇಕು. ಲಿಥಿಯಂ ಮತ್ತು ಉಳಿದ ಮುಖ್ಯ ಗುಳಿಗೆಗಳು ಹೋಬಳಿಯ ಆರೋಗ್ಯ ಕೇಂದ್ರದಲ್ಲಿ ತಿಂಗಳೂ ತಪ್ಪದೆ ಸಿಗಬೇಕು. ಒಂದು ತಿಂಗಳು ಸ್ಟಾಕ್ ಇಲ್ಲ ಎಂದರೆ ಒಂದು ಮಗು ಮತ್ತೆ ಆಸ್ಪತ್ರೆ ಸೇರುತ್ತದೆ. ಲಿಥಿಯಂ ಪ್ರಮಾಣ ತಿಳಿಯುವ ರಕ್ತ ಪರೀಕ್ಷೆಯ ಮಾದರಿಯನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ತೆಗೆದುಕೊಂಡು ಕಳಿಸುವ ಏರ್ಪಾಡಾಗಬೇಕು; ಒಂದು ಪರೀಕ್ಷೆಗಾಗಿ ದಿನದ ಕೂಲಿ ಬಿಟ್ಟು ಬಸ್ ಹತ್ತುವ ಬಡವರು ನಾಲ್ಕನೆಯ ಸಲ ಹತ್ತುವುದಿಲ್ಲ. ಗರ್ಭಿಣಿಯ, ಕ್ಷಯರೋಗಿಯ ಹೆಸರು ಬರೆದುಕೊಂಡು ಮನೆಗೆ ಹೋಗಿ ಕೇಳುವ ವ್ಯವಸ್ಥೆ ನಮ್ಮಲ್ಲಿದೆ. ಅದೇ ಕಾಳಜಿಯಿಂದ, ಗುಟ್ಟು ಕಾಪಾಡಿಕೊಂಡು, ಈ ಮಕ್ಕಳನ್ನೂ ಕೇಳಬೇಕು. ಮಗು ಚೆನ್ನಾಗಿದೆ ಎಂದು ಗೊತ್ತಿರುವ ತಿಂಗಳಲ್ಲೂ ಕೇಳಬೇಕು.

ಬೈಪೋಲಾರ್ ಇರುವ ಮಕ್ಕಳು ಓದುತ್ತಾರೆ, ದುಡಿಯುತ್ತಾರೆ, ಸಂಸಾರ ಮಾಡುತ್ತಾರೆ, ತಮ್ಮ ತಂದೆ–ತಾಯಿಯನ್ನು ಮುಪ್ಪಿನಲ್ಲಿ ನೋಡಿಕೊಳ್ಳುತ್ತಾರೆ. ಅದಕ್ಕೆ ಬೇಕಾದದ್ದು ಪವಾಡವಲ್ಲ. ತಪ್ಪದ ಗುಳಿಗೆ, ಹೊತ್ತಿಗೆ ನಿದ್ದೆ, ಸಾಕಷ್ಟು ನೀರು, ಸಮಾಧಾನದ ದನಿ. ಮನೆ ಕೊಡಬೇಕಾದದ್ದು ಇಷ್ಟು. ಆ ಮನೆ ಸೋಲದಂತೆ ಕೈಹಿಡಿಯುವುದು ಊರಿನ ಹೊಣೆ, ಸರ್ಕಾರದ ಹೊಣೆ.